ಕೆಂಪು ಬಿಲ್ಲೆ

"ಎರಡೂ ಕೈ ಮೇಲಕ್ಕೆ... ನಿಧಾನ... ಇನ್ನೂ ಚಾಚಿ..."

ಹಾಲ್‌ನಲ್ಲಿದ್ದವರ ಕೈಗಳೆಲ್ಲ ಮೇಲೆದ್ದವು. ಕೊನೆಯ ಸಾಲಿನಲ್ಲಿ ಒಂದು ಕೈ ಮಾತ್ರ ಎದೆಯ ಎತ್ತರಕ್ಕೆ ಬಂದು ಅಲ್ಲೇ ನಿಂತಿತು.

"ಬಾಗಿಲ ಹತ್ತಿರ ಇರೋರು... ಬಲಗೈ ಇನ್ನೂ ಸ್ವಲ್ಪ ಮೇಲೆ!"

"ಎತ್ತೋಕೆ ಆಗಿದ್ರೆ ನಾನು ಇಲ್ಲಿಗೆ ಯಾಕ್ರೀ ಬರ್ತಿದ್ದೆ?"

ಮಾತು ಹೊರಬಿದ್ದ ಮೇಲೆಯೇ ಅವಳಿಗೆ ಗೊತ್ತಾಗಿದ್ದು, ಎಷ್ಟು ಜೋರಾಗಿ ಹೇಳಿಬಿಟ್ಟೆ ಅಂತ. ಎಲ್ಲರೂ ತಿರುಗಿ ನೋಡಿದರು. ಪಕ್ಕದ ಚಾಪೆಯ ಬಸ್ ಡ್ರೈವರ್ ನಗು ತಡೆಯಲಾರದೆ ಕೆಮ್ಮಿದ.

ಯೋಗದ ಮೇಷ್ಟ್ರು ಅಂದರೆ ಬಿಳಿ ಗಡ್ಡದ ಹಿರಿಯರು ಅಂದುಕೊಂಡಿದ್ದಳು ಅವಳು. ಚಾಪೆಗಳ ನಡುವೆ ನಡೆದು ಬಂದವನಿಗೆ ಹೆಚ್ಚೆಂದರೆ ಅವಳಿಗಿಂತ ನಾಲ್ಕೈದು ವರ್ಷ ಜಾಸ್ತಿ ಇರಬಹುದು. ಶಾಂತವಾದ ಕಣ್ಣು. ಕುತ್ತಿಗೆ ದಾಟಿ ಇಳಿದ ಕೂದಲನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿದ್ದ.

*ಅಯ್ಯೋ, ತುದಿಯೆಲ್ಲ ಸೀಳಿ ಹೋಗಿದೆಯಲ್ಲ!*

ಅವಳ ಕಸುಬಿನ ಕಣ್ಣು ಮೊದಲು ನೋಡಿದ್ದು ಅದನ್ನೇ.

ಅವನ ಕೈ ಅವಳ ಭುಜದ ಕಡೆ ಚಾಚಿತ್ತು. ಅಷ್ಟರಲ್ಲಿ ಅವನು ಅವಳ ಚಾಪೆಯ ತುದಿಯತ್ತ ಒಮ್ಮೆ ನೋಡಿದ. ಚಾಚಿದ ಕೈ ತಟ್ಟನೆ ಬೆನ್ನ ಹಿಂದೆ ಹೋಯಿತು. ಒಂದು ಹೆಜ್ಜೆ ದೂರದಲ್ಲೇ ನಿಂತ.

"ಏನಾಯ್ತು ಕೈಗೆ?"

"ಕೂದಲು ಕತ್ತರಿಸೋದು ನನ್ನ ಕೆಲಸ. ಮೇಲಿನ ಶೆಲ್ಫ್‌ನಿಂದ ಟವೆಲ್ ತೆಗೆಯೋಕೆ ಸ್ಟೂಲ್ ಹತ್ತಿದೆ. ಬಿದ್ದೆ. ಆವತ್ತಿಂದ ಭುಜ ಹಿಡ್ಕೊಂಡುಬಿಟ್ಟಿದೆ. ಮೂಳೆ ಸರಿಯಾಗಿದೆ, ಮೆಲ್ಲಗೆ ಯೋಗ ಮಾಡಿ ಅಂದ್ರು ಡಾಕ್ಟ್ರು."

ಅವನು ತಲೆಯಾಡಿಸಿದ. ಮೂಲೆಯಿಂದ ಮಡಚುವ ಕುರ್ಚಿಯೊಂದನ್ನು ತಂದು ಅವಳ ಮುಂದೆ ಬಿಡಿಸಿಟ್ಟ.

"ಇದರ ಬೆನ್ನು ಹಿಡ್ಕೊಂಡು ಮಾಡಿ."

ಅಷ್ಟೇ! ಪಕ್ಕದ ಚಾಪೆಗೆ ಹೋಗಿ ಡ್ರೈವರ್‌ನ ಬೆನ್ನಿನ ಮೇಲೆ ಅಂಗೈ ಇಟ್ಟು, "ಉಸಿರು ಬಿಡಿ ಅಣ್ಣಾ, ಇದು ಬ್ರೇಕ್ ಅಲ್ಲ," ಅಂದ. ಎಲ್ಲರೂ ನಕ್ಕರು.

ಅವಳು ಮಾತ್ರ ಕುರ್ಚಿಯನ್ನೇ ದಿಟ್ಟಿಸುತ್ತಾ ನಿಂತಳು. ಇಡೀ ಹಾಲ್‌ನಲ್ಲಿ ಕುರ್ಚಿ ಸಿಕ್ಕಿದ್ದು ಅವಳೊಬ್ಬಳಿಗೇ.

---

ಸಲೂನ್ ಅವಳ ಅತ್ತಿಗೆಯದು. ಕನ್ನಡಿಗಳ ಮುಂದೆ ಸಾಲಾಗಿ ಕುರ್ಚಿಗಳು, ಅದರಲ್ಲಿ ಕಿಟಕಿ ಪಕ್ಕದ್ದು ಅವಳದು. ಅವಳು ಬಿದ್ದ ಮೇಲೆ ಆ ಕುರ್ಚಿಯ ಮೇಲೆ ಒಗೆದ ಟವೆಲ್‌ಗಳು ಕೂತಿದ್ದವು.

"ನೋಡೇ ಗುಬ್ಬಿ," ಅಂದರು ಅತ್ತಿಗೆ, ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ. "ಈ ತಿಂಗಳು ಮುಗಿಯೋವರೆಗೆ ಕಾಯ್ತೀನಿ. ಆಮೇಲೆ ಆ ಕುರ್ಚಿಗೆ ಬೇರೆಯವರನ್ನ ತಗೊಳ್ಳಲೇಬೇಕು ಕಣೇ. ನೀನು ಕೌಂಟರ್‌ನಲ್ಲಿ ಕೂತು ಫೋನ್ ತಗೋ."

"ಫೋನ್ ತಗೊಳ್ಳೋಕೆ ಹುಟ್ಟಿದವಳಲ್ಲ ಅತ್ತಿಗೆ ನಾನು."

"ಹುಟ್ಟುವಾಗ ಕತ್ತರಿ ಹಿಡ್ಕೊಂಡೇ ಬಂದಿದ್ಯಾ?"

"ಹೂಂ! ಅಮ್ಮನ್ನ ಬೇಕಾದ್ರೆ ಕೇಳಿ."

ಅತ್ತಿಗೆ ನಕ್ಕರು. ಆದರೆ ಆ ನಗು ಕಣ್ಣಿನವರೆಗೆ ಏರಲಿಲ್ಲ.

"ಒಂದು ತಲೆ. ನನ್ನೆದುರು ಮೊದಲಿಂದ ಕೊನೆವರೆಗೆ ನೀನೇ ಕತ್ತರಿಸು. ನಡುವೆ ಕತ್ತರಿ ನನ್ನ ಕೈಗೆ ಕೊಡಬಾರದು. ಕುರ್ಚಿ ನಿಂದೇ."

ಅವಳು ಟವೆಲ್ ತುಂಬಿದ ತನ್ನ ಕುರ್ಚಿಯನ್ನು ನೋಡಿದಳು. ಈ ಕೈ ಮೇಲೇಳದಿದ್ದರೆ ತಾನು ಯಾರು? ಅವಳಿಗೆ ಬೇರೆ ಯಾವ ವಿದ್ಯೆಯೂ ಬರುತ್ತಿರಲಿಲ್ಲ. ಬೇರೆ ಬೇಕಾಗಿಯೂ ಇರಲಿಲ್ಲ.

*ಏಳಲೇಬೇಕು. ಎದ್ದೇ ಏಳಬೇಕು!*

---

ಸಲೂನ್ ಕೆಲಸ ಮುಗಿಸಿ ಓಡಿ ಬರುವಷ್ಟರಲ್ಲಿ ತರಗತಿ ಶುರುವಾಗಿರುತ್ತಿತ್ತು. ಬಾಗಿಲ ಬಳಿಯ ಬುಟ್ಟಿಯಿಂದ ಒಂದು ಮರದ ಬಿಲ್ಲೆ ತೆಗೆದುಕೊಳ್ಳುವುದು, ಚಾಪೆ ಹಾಸಿ ಅದರ ತಲೆಗೆ ಇಡುವುದು... ಮೊದಲ ದಿನ ಎಲ್ಲರ ಚಾಪೆಯ ಮುಂದೆ ಬಿಲ್ಲೆ ಕಂಡು, ಹಾಜರಿಯ ಟೋಕನ್ ಇರಬೇಕು ಅಂದುಕೊಂಡಿದ್ದಳು. ಒಂದು ಮುಖ ಬರೀ ಮರ, ಇನ್ನೊಂದು ಮುಖಕ್ಕೆ ಕೆಂಪು ಬಣ್ಣ. ಕೆಂಪು ಚೆಂದ ಕಂಡಿತು. ಅದನ್ನೇ ಮೇಲೆ ಮಾಡಿ ಇಟ್ಟಿದ್ದಳು. ಅದೇ ಅಭ್ಯಾಸವಾಯಿತು.

ಅವನು ದಿನವೂ ಸಾಲುಗಳ ನಡುವೆ ಓಡಾಡುತ್ತಿದ್ದ. ಯಾರದೋ ಮೊಣಕೈ ತಿದ್ದುತ್ತಿದ್ದ, ಯಾರದೋ ಕುತ್ತಿಗೆಗೆ ಬೆರಳು ತಾಗಿಸಿ ಸಡಿಲ ಮಾಡುತ್ತಿದ್ದ. ಅವಳ ಹತ್ತಿರ ಬಂದಾಗ ಮಾತ್ರ ಕೈ ಬೆನ್ನ ಹಿಂದೆ. ಒಂದು ಹೆಜ್ಜೆ ದೂರ. ಬರೀ ಮಾತು.

"ಮೇಲಿನ ಶೆಲ್ಫ್‌ನಲ್ಲಿ ಟವೆಲ್ ಇದೆ ಅಂದ್ಕೊಳ್ಳಿ. ಕೈ ಹಾಕೋ ಆತುರ ಬೇಡ. ಮೊದಲು ಬೆನ್ನು ಉದ್ದ ಆಗಲಿ... ಉಸಿರು ಬಿಡ್ತಾ ಭುಜ ಕಿವಿಯಿಂದ ಕೆಳಗೆ ಜಾರಲಿ... ಈಗ ಕೈ ತಾನಾಗೇ ಹೋಗುತ್ತೆ, ನೋಡಿ."

"ನಮಗೂ ಏನಾದ್ರೂ ಹೇಳಿ ಮೇಷ್ಟ್ರೇ, ಸ್ಟೀರಿಂಗು ಗೀರಿಂಗು!" ಅಂದ ಡ್ರೈವರ್. ಹಾಲ್ ಮತ್ತೆ ನಕ್ಕಿತು.

ಅವಳ ಕಿವಿ ಬಿಸಿಯಾಯಿತು. ಟವೆಲ್ ತೆಗೆಯಲು ಹೋಗಿಯೇ ಬಿದ್ದವಳಿಗೆ ಟವೆಲ್ ಕಥೆಯಾ? ತಮಾಷೆ ಮಾಡೋಕೆ ಇವನಿಗೆ ನಾನೇ ಬೇಕಿತ್ತಾ!

ಆದರೂ... ಆ ದನಿಗಾಗಿ ಅವಳು ಕಾಯುತ್ತಿದ್ದಳು ಅನ್ನುವುದೂ ನಿಜ. ಶವಾಸನದಲ್ಲಿ ಕಣ್ಣು ಮುಚ್ಚಿದಾಗ, "ಮುಖದ ಬಿಗಿ ಬಿಡಿ... ಇವತ್ತಿನ ಕೆಲಸ ಮುಗೀತು..." ಅಂತ ಅವನು ಹೇಳುತ್ತಿದ್ದರೆ, ಎದೆಯೊಳಗೆ ಗಂಟು ಹಾಕಿಕೊಂಡಿದ್ದ ಏನೋ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತಿತ್ತು. ಅವನ ಹೆಜ್ಜೆ ಹತ್ತಿರ ಬಂದರೆ ಉಸಿರಿನ ಲೆಕ್ಕ ತಪ್ಪುತ್ತಿತ್ತು.

*ಥೂ, ಕಂಡೂ ಕಾಣದ ಹಾಗೆ ಹೋಗೋನಿಗೆ ಯಾಕೆ ಇಷ್ಟು ಮರ್ಯಾದೆ ಕೊಡ್ತೀಯ ಹೃದಯವೇ!*

---

ಆವತ್ತು ಕೈ ಗಲ್ಲದ ಎತ್ತರ ದಾಟಿ ನಡುಗಲು ಶುರುವಾಯಿತು. ಅವಳು ಹಲ್ಲು ಕಚ್ಚಿ ಹಿಡಿದಳು. ಕಣ್ಣಲ್ಲಿ ನೀರು. ಅವನು ಎದುರೇ ನಿಂತಿದ್ದ. ಒಂದು ಬೆರಳು ಆಸರೆ ಕೊಟ್ಟಿದ್ದರೆ ಸಾಕಿತ್ತು...

"ಸಾಕು. ಕುರ್ಚಿ ಮೇಲೆ ಕೂತ್ಕೊಳ್ಳಿ," ಅಂದ.

ತರಗತಿ ಮುಗಿಯುವವರೆಗೆ ತಡೆದುಕೊಂಡಳು. ಎಲ್ಲರೂ ಚಾಪೆ ಸುತ್ತುತ್ತಿದ್ದಾಗ ನೇರ ಅವನ ಮುಂದೆ ಹೋಗಿ ನಿಂತಳು.

"ಇವಳ ಕೈಲಿ ಆಗಲ್ಲ ಅಂತ ನೇರವಾಗಿ ಹೇಳಿಬಿಡಿ ಮೇಷ್ಟ್ರೇ."

"ಯಾರು ಹಾಗಂದಿದ್ದು?"

"ಬೇರೆ ಹೇಳಬೇಕಾ? ಎಲ್ಲರನ್ನೂ ತಿದ್ದುತ್ತೀರಿ. ನನ್ನ ಹತ್ರ ಬಂದ್ರೆ ಕೈ ಬೆನ್ನ ಹಿಂದೆ ಓಡುತ್ತೆ! ಒಂದು ಕುರ್ಚಿ ಕೊಟ್ಟು, ಟವೆಲ್ ಅಂತ ನಗಿಸಿ..."

"ನಗಿಸೋಕೆ ಅಲ್ಲ, ಅದು..." ಅವನ ನೋಟ ಅವಳ ಕೈಯಲ್ಲಿದ್ದ ಬಿಲ್ಲೆಯ ಮೇಲೆ ಬಿತ್ತು.

"ಹೇಳಿ!"

"ನಾನು... ಅದನ್ನ ಕೇಳೋ ಹಾಗಿಲ್ಲ."

"ಏನು ಕೇಳೋ ಹಾಗಿಲ್ಲ? ಬಿಡಿ. ನಿಮ್ಮ ಕನಿಕರ ನಿಮ್ಮ ಹತ್ರಾನೇ ಇರಲಿ. ಈ ಕೈಯನ್ನ ನಾನೇ ಎತ್ತಿ ತೋರಿಸ್ತೀನಿ!"

ಬಿಲ್ಲೆಯನ್ನು ಬುಟ್ಟಿಗೆ ಎಸೆದು ದಡದಡ ಮೆಟ್ಟಿಲಿಳಿದಳು. ಹಿಂದಿನಿಂದ ಅವನು ಕರೆದನೋ ಇಲ್ಲವೋ... ಕೇಳಿಸಿಕೊಳ್ಳಲಿಲ್ಲ.

---

ಮರುದಿನದಿಂದ ಸಲೂನ್‌ನ ಗೋಡೆಯೇ ಅವಳ ಯೋಗಶಾಲೆ.

ಗಿರಾಕಿ ಇಲ್ಲದ ಹೊತ್ತಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುತ್ತಿದ್ದಳು. ಎಲ್ಲಿಗೆ ಮುಟ್ಟಿತೋ ಅಲ್ಲೊಂದು ಹಳೆಯ ಲಿಪ್‌ಸ್ಟಿಕ್ ಗುರುತು.

"ಗೋಡೆ ತುಂಬ ಲಿಪ್‌ಸ್ಟಿಕ್ ಆಯ್ತಲ್ಲೇ," ಅಂದರು ಅತ್ತಿಗೆ. "ಯಾರಿಗೆ ಕೊಡಬೇಕಾದ್ದನ್ನ ಗೋಡೆಗೆ ಕೊಡ್ತಿದ್ದೀಯ?"

"ಅತ್ತಿಗೆ!"

ಗುರುತುಗಳು ಮೇಲೇರುತ್ತಿದ್ದವು. ಕೆಲವು ದಿನ ಏರುತ್ತಲೇ ಇರಲಿಲ್ಲ. ಅಂಥ ದಿನಗಳಲ್ಲಿ ಅವಳಿಗೆ ಅರಿವಿಲ್ಲದೇ ತುಟಿ ಅಲ್ಲಾಡುತ್ತಿತ್ತು... "ಮೊದಲು ಬೆನ್ನು ಉದ್ದ... ಭುಜ ಕಿವಿಯಿಂದ ಕೆಳಗೆ..."

ಅವನದೇ ಮಾತು! ಸಿಟ್ಟು ಬಂತು. ಆದರೆ ಆ ಮಾತು ಹೇಳಿಕೊಂಡಾಗಲೇ ಕೈ ಒಂದಿಷ್ಟು ಹೆಚ್ಚು ಹೋಗುತ್ತಿತ್ತಲ್ಲ, ಅದಕ್ಕೇನು ಮಾಡೋದು?

ಒಂದು ಸಂಜೆ ಬಸ್ ಡ್ರೈವರ್ ಕಟಿಂಗ್‌ಗೆ ಬಂದ. ಅತ್ತಿಗೆ ಬಟ್ಟೆ ಹೊದಿಸುತ್ತಿದ್ದಂತೆ ಕನ್ನಡಿಯಲ್ಲಿ ಇವಳನ್ನು ಕಂಡ.

"ಏನಮ್ಮಾ ತಂಗಿ, ನಾಪತ್ತೆ! ಮೇಷ್ಟ್ರು ದಿನಾ ಬಾಗಿಲು ನೋಡಿ ನೋಡಿ, ಮೊನ್ನೆ ನಮ್ಮನ್ನೆಲ್ಲ ಒಂದೇ ಕಾಲ ಮೇಲೆ ನಿಲ್ಲಿಸಿ ಮರೆತೇಬಿಟ್ರು."

"ನನ್ನನ್ನ ಯಾಕೆ ನೋಡ್ತಾರೆ? ಹತ್ರ ಬರೋಕೇ ಇಷ್ಟ ಇಲ್ಲದೋರು."

"ಹತ್ರ ಬರೋದು ಹೇಗಮ್ಮಾ? ನೀನು ದಿನಾ ಕೆಂಪು ಇಟ್ಟು ಕೂತ್ರೆ..." ತಟ್ಟನೆ ನಾಲಿಗೆ ಕಚ್ಚಿಕೊಂಡ. "ಅಯ್ಯೋ! ಅದನ್ನ ಮಾತಾಡೋ ಹಾಗಿಲ್ಲ."

"ಏನು ಕೆಂಪು?"

"ಬಿಲ್ಲೆ ಕಣಮ್ಮಾ! ಮರದ ಮುಖ ಮೇಲಿದ್ರೆ, ಮುಟ್ಟಿ ತಿದ್ದಬಹುದು ಅಂತ. ಕೆಂಪಿದ್ರೆ ಮುಟ್ಟಬೇಡಿ ಅಂತ. ಯಾಕೆ ಕೆಂಪು ಅಂತ ಯಾರೂ ಯಾರನ್ನೂ ಕೇಳಬಾರದು, ಮೇಷ್ಟ್ರು ಕೂಡ. ಸೇರಿದ ದಿನ ಮೊದಲೇ ಹೇಳ್ತಾರಲ್ಲ..." ಅವಳ ಮುಖ ನೋಡಿ ನಿಲ್ಲಿಸಿದ. "ನೀನು ಆವತ್ತು ತಡವಾಗಿ ಬಂದಿದ್ದೆ, ಅಲ್ವಾ?"

ಅವಳ ಕೈಯಲ್ಲಿದ್ದ ಲಿಪ್‌ಸ್ಟಿಕ್ ಕೆಳಗೆ ಬಿತ್ತು.

ಮುಟ್ಟಬೇಡಿ ಅಂತ ಹೇಳಿದ್ದು ತಾನೇ. ಮುಟ್ಟಲಿಲ್ಲ ಅಂತ ಬೈದು ಬಂದಿದ್ದೂ ತಾನೇ!

"ಹೋಗೇ," ಅಂದರು ಅತ್ತಿಗೆ, ಕತ್ತರಿ ನಿಲ್ಲಿಸದೆ. "ಗೋಡೆ ಎಲ್ಲೂ ಓಡಿಹೋಗಲ್ಲ."

---

ತರಗತಿಗೆ ಇನ್ನೂ ಯಾರೂ ಬಂದಿರಲಿಲ್ಲ. ಬಾಗಿಲಲ್ಲೇ ಅವಳ ಹೆಜ್ಜೆ ನಿಂತಿತು.

ಅವನು ಕುರ್ಚಿಯ ಮುಂದೆ ನಿಂತಿದ್ದ. ತನ್ನ ಬಲಗೈಯನ್ನು ಯೋಗದ ಬಟ್ಟೆ ಪಟ್ಟಿಯಿಂದ ಮೈಗೆ ಬಿಗಿದುಕೊಂಡಿದ್ದ. ಕಟ್ಟಿದ ಕೈಯನ್ನು ಮೆಲ್ಲಗೆ ಎತ್ತಲು ನೋಡುತ್ತಾ, ತನಗೆ ತಾನೇ ಹೇಳಿಕೊಳ್ಳುತ್ತಿದ್ದ: "ಕನ್ನಡಿ ಒರೆಸೋ ಹಾಗೆ... ಊಹೂಂ, ಅದು ಭುಜ ಎತ್ತಿಸುತ್ತೆ... ಉದ್ದ ಕೂದಲು ಬಾಚೋ ಹಾಗೆ... ಹಾಂ, ಇದು ಸರಿ."

"ಏನು ಮಾಡ್ತಿದ್ದೀರಿ?"

ಅವನು ಬೆಚ್ಚಿ ತಿರುಗಿದ. ಪಟ್ಟಿ ಬಿಚ್ಚಲು ಹೋಗಿ ಗಂಟು ಇನ್ನಷ್ಟು ಬಿಗಿಯಾಯಿತು.

"ಅದು... ನಿಮಗೆ ಬರೀ ಮಾತಲ್ಲೇ ಹೇಳಬೇಕಿತ್ತಲ್ಲ. ಏಳದ ಕೈಗೆ ಏನು ಹೇಳಿದ್ರೆ ಅರ್ಥ ಆಗುತ್ತೆ ಅಂತ, ಕಟ್ಕೊಂಡು ನೋಡ್ತಿದ್ದೆ. ನಿಮ್ಮ ಕೆಲಸದ ಮಾತಾದ್ರೆ ಮೈ ಬೇಗ ಕೇಳುತ್ತೆ ಅನ್ನಿಸ್ತು. ಟವೆಲ್ ಅಂದಿದ್ದು ತಮಾಷೆಗಲ್ಲ."

"ನಾನು ಬರೋದು ಬಿಟ್ಟ ಮೇಲೂ?"

"ಬಂದೇ ಬರ್ತೀರಿ ಅಂದ್ಕೊಂಡಿದ್ದೆ. ನಿಮ್ಮಷ್ಟು ಹಟ ಯಾರಿಗೂ ಇಲ್ಲ."

ಅವಳು ಒಳಗೆ ಬಂದಳು. "ಬಿಲ್ಲೆ ವಿಷಯ ನನಗೆ ಗೊತ್ತೇ ಇರ್ಲಿಲ್ಲ. ಕೆಂಪು ಚೆನ್ನಾಗಿದೆ ಅಂತ ಇಟ್ಟೆ!"

ಅವನು ಬಾಯ್ತುಂಬ ನಕ್ಕ. ಹಾಗೆ ನಗುವುದನ್ನು ಅವಳು ಕಂಡಿದ್ದು ಇದೇ ಮೊದಲು.

"ಯಾರೋ ನಿಮಗೆ ತುಂಬ ನೋವು ಮಾಡಿದ್ದಾರೆ ಅಂದ್ಕೊಂಡು ನಾನು ಎಷ್ಟು ಸಂಕಟಪಟ್ಟೆ ಗೊತ್ತಾ?" ನಗು ಮೆಲ್ಲಗೆ ಇಳಿಯಿತು. "ಕಲಿಯೋವಾಗ ನನ್ನ ಬೆನ್ನನ್ನ ಒಬ್ಬರು ಕೇಳದೇ ಒತ್ತಿಬಿಟ್ರು. ತುಂಬ ದಿನ ಮಲಗಿದ್ದೆ. ಆವತ್ತೇ ತೀರ್ಮಾನ ಮಾಡಿದ್ದು, ಕೇಳದೇ ಯಾರನ್ನೂ ಮುಟ್ಟಲ್ಲ ಅಂತ. ಬಿಲ್ಲೆ ವಿಷಯ ಹೇಳಿದ್ದು ನಿಮ್ಮ ಕಿವಿಗೂ ಬಿತ್ತಾ ಅಂತ ನೋಡಬೇಕಿತ್ತು. ಅದು ನನ್ನ ತಪ್ಪು."

ಅವಳು ಬುಟ್ಟಿಯಿಂದ ಒಂದು ಬಿಲ್ಲೆ ತೆಗೆದು ನೆಲದ ಮೇಲಿಟ್ಟಳು. ಮರದ ಮುಖ ಮೇಲೆ.

ಮೊದಲು ಅವನ ಗಂಟು ಬಿಚ್ಚಿಕೊಟ್ಟಳು. ಆಮೇಲೆ ಅವನ ಅಂಗೈ ಅವಳ ಬೆನ್ನಿಗೆ, ಭುಜದ ಮೂಳೆಯ ಕೆಳಗೆ ತಾಗಿತು. ಹಕ್ಕಿ ಕೂತಷ್ಟೇ ಭಾರ.

"ಉಸಿರು ಬಿಡಿ..."

ಪವಾಡವೇನೂ ಆಗಲಿಲ್ಲ. ಕೈ ಹಣೆಯವರೆಗೆ ಏರಿ ನಿಂತಿತು. ಆದರೆ ಮೊದಲ ಸಲ ಅದು ನಡುಗಲಿಲ್ಲ.

"ಇನ್ನೂ ಬೇಕು," ಅಂದಳು ಅವಳು.

"ನಾಳೆ."

"ಬೇಗ ಬರ್ತೀನಿ."

---

ತಿಂಗಳ ಕೊನೆಯ ದಿನ ಅತ್ತಿಗೆ ಕಿಟಕಿ ಪಕ್ಕದ ಕುರ್ಚಿಯಿಂದ ಟವೆಲ್‌ಗಳನ್ನು ಎತ್ತಿ ಪಕ್ಕಕ್ಕಿಟ್ಟರು.

"ಸರಿ ಗುಬ್ಬಿ, ತಲೆ ಎಲ್ಲಿ?"

ಬಾಗಿಲು ತೆರೆಯಿತು. ರಬ್ಬರ್ ಬ್ಯಾಂಡ್ ಬಿಚ್ಚುತ್ತಾ ಒಳಗೆ ಬಂದವನು ನೇರ ಹೋಗಿ ಆ ಕುರ್ಚಿಯಲ್ಲಿ ಕೂತ.

"ನೀವಾ! ಇವತ್ತು ನನ್ನ ಪರೀಕ್ಷೆ ಅಂತ ತರಗತಿಯಲ್ಲೇ ಹೇಳಿದ್ದೆನಲ್ಲ? ಕೆಟ್ಟುಹೋದ್ರೆ?"

"ಕೂದಲು ಮತ್ತೆ ಬೆಳೆಯುತ್ತೆ."

ಬಟ್ಟೆ ಹೊದಿಸಿದಳು. ಕತ್ತರಿ ಕೈಗೆ ಬಂತು. ಕುತ್ತಿಗೆ, ಬದಿ... ಎಲ್ಲ ಸರಾಗ. ನೆತ್ತಿಗೆ ಬರುವಾಗ ಭುಜ ಹಿಡಿಯಿತು. ಕೈ ನಿಂತಿತು. ಕನ್ನಡಿಯಲ್ಲಿ ಅತ್ತಿಗೆ ಉಸಿರು ಬಿಗಿಹಿಡಿದದ್ದು ಕಂಡಿತು.

ಹಿಂದಿನ ಅವಳಾಗಿದ್ದರೆ ಹಲ್ಲು ಕಚ್ಚಿ ಎತ್ತುತ್ತಿದ್ದಳು.

ಇವಳು ಉಸಿರು ಬಿಟ್ಟಳು. ಕಾಲಿನಿಂದ ಪೆಡಲ್ ಒತ್ತಿದಳು. ಕುರ್ಚಿ ಉಸ್ಸೆಂದು ಕೆಳಗಿಳಿಯಿತು, ಅವನ ನೆತ್ತಿ ಅವಳ ಕೈಗೆ ಬಂತು. ಕುರ್ಚಿಯ ಆಸರೆ ಸೋಲಲ್ಲ ಅಂತ ಅವಳಿಗೆ ಈಗ ಗೊತ್ತಿತ್ತು. ಬೆನ್ನು ಉದ್ದವಾಯಿತು, ಭುಜ ಕೆಳಗೆ ಜಾರಿತು, ಕತ್ತರಿ ಮತ್ತೆ ಮಾತಾಡತೊಡಗಿತು.

ಕೊನೆಯ ಎಳೆ ಬಿದ್ದಾಗ ಅತ್ತಿಗೆ ಹತ್ತಿರ ಬಂದು, ಎಡ ಬಲ ಎರಡೂ ಸಮ ಇದೆಯಾ ಅಂತ ಬೆರಳಲ್ಲಿ ಹಿಡಿದು ನೋಡಿದರು. ಹಿಂಬದಿಯನ್ನೂ ನೋಡಿದರು. ಒಂದು ತಪ್ಪೂ ಸಿಗದೆ, ಒಗೆದ ಟವೆಲ್‌ಗಳ ರಾಶಿಯನ್ನು ಎತ್ತಿಕೊಂಡರು.

"ಇವನ್ನಿಡೋಕೆ ಬೇರೆ ಜಾಗ ನೋಡಬೇಕಲ್ಲ ಈಗ," ಅನ್ನುತ್ತಾ ಕಣ್ಣೊರೆಸಿಕೊಂಡು ಒಳಗೆ ಹೋದರು.

ಕನ್ನಡಿಯಲ್ಲಿ ಇಬ್ಬರೇ ಉಳಿದರು.

"ಇಷ್ಟು ದಿನ ಯಾಕೆ ಹಾಗೇ ಬಿಟ್ಟಿದ್ರಿ ಈ ಕಾಡನ್ನ?"

"ಮೊದಲೆಲ್ಲ ಸೋಮಾರಿತನ. ನೀವು ಬಂದ ಮೇಲೆ... ನೀವು ಮತ್ತೆ ಕತ್ತರಿ ಹಿಡಿಯಲಿ ಅಂತ ಕಾಯ್ತಿದ್ದೆ. ಬೇರೆಯವರ ಕೈಗೆ ತಲೆ ಕೊಡೋ ಮನಸ್ಸಿರಲಿಲ್ಲ."

"ಬರೀ ತಲೆನಾ?" ಕೇಳಿಬಿಟ್ಟು ಅವಳೇ ತುಟಿ ಕಚ್ಚಿಕೊಂಡಳು.

ಅವನು ಜೇಬಿಗೆ ಕೈ ಹಾಕಿ, ಒಂದು ಮರದ ಬಿಲ್ಲೆ ತೆಗೆದು ಕನ್ನಡಿಯ ಮುಂದೆ, ಅವಳ ಬಾಚಣಿಗೆಗಳ ಪಕ್ಕ ಇಟ್ಟ. ಕೆಂಪು ಮುಖ ಕೆಳಗೆ.

"ಇದು ನಂದು. ಇನ್ಮೇಲೆ ಹೀಗೇ ಇರುತ್ತೆ, ನಿಮ್ಮೊಬ್ಬರಿಗೆ."

ಅವಳ ಕಣ್ಣು ತುಂಬಿ ಬಂತು. ಭುಜ ಜಾರಿಸಿ, ಬೆನ್ನು ನೀಳಮಾಡಿ, ಬಲಗೈಯನ್ನೇ ಎತ್ತಿದಳು. ಅವನ ಹಣೆಯ ಮೇಲೆ ಬಿದ್ದಿದ್ದ ಕೂದಲ ಹತ್ತಿರ ಬೆರಳು ನಿಂತಿತು.

"ಮುಟ್ಟಲಾ?"

"ಬಿಲ್ಲೆ ಕಾಣ್ತಿಲ್ವಾ?"

"ಕಾಣ್ತಿದೆ. ಆದ್ರೂ ಬಾಯ್ಬಿಟ್ಟು ಕೇಳಬೇಕು ಅಂತ ಕಲಿತಿದ್ದೀನಿ."

ಅವನು ಕಣ್ಣು ಮುಚ್ಚಿದ. "ಹೂಂ," ಅಂದ ಮೆಲ್ಲಗೆ.