ಐದನೇ ತಾರೀಖಿನ ಹಣ

ನವೆಂಬರ್ ಒಂಬತ್ತು, ಗುರುವಾರ, ಬೆಳಗ್ಗೆ ೯.೪೦. ಕೋಕಂದ್ ಊರಿನ ಚಿನಾರ್ ಬಡಾವಣೆ ಪೊಲೀಸ್ ಠಾಣೆಗೆ ಸೋಬಿರ್‌ಜಾನ್ ಎಂಬ ಐವತ್ತೆರಡು ವರ್ಷದ ಮನುಷ್ಯ ಬಂದು, ಹೆಗಲ ಚೀಲವನ್ನೂ ಇಳಿಸದೆ ದೂರು ಕೊಟ್ಟ. ಆಸ್ಪತ್ರೆಗಳ ಡಯಾಲಿಸಿಸ್ ಯಂತ್ರ ರಿಪೇರಿ ಮಾಡುವುದು ಅವನ ಕೆಲಸ. ತಿಂಗಳಲ್ಲಿ ಇಪ್ಪತ್ತು ದಿನ ರೈಲಿನಲ್ಲೇ. ಇವತ್ತು ದೇಶದ ಒಂದು ತುದಿಯ ನುಕುಸ್ ಅಂದರೆ ನಾಳಿದ್ದು ಇನ್ನೊಂದು ತುದಿಯ ತೆರ್ಮೆಜ್.

ಆ ತೆರ್ಮೆಜ್‌ನಲ್ಲೇ ಮೊನ್ನೆ ಅವನ ಬ್ಯಾಂಕ್ ಕಾರ್ಡು ಕೈಕೊಟ್ಟಿತ್ತು. ವಸತಿಗೃಹದವರು ಮೂರು ಸಲ ಉಜ್ಜಿದರೂ ಹಣವಿಲ್ಲ ಎಂದಿತು. ಬಾಡಿಗೆ ಕೊಡುವ ತನಕ ಅವರು ಅವನ ರಿಪೇರಿ ಪೆಟ್ಟಿಗೆಯನ್ನೇ ಹಿಡಿದಿಟ್ಟುಕೊಂಡರು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ದಿನ ಹೋಯಿತು.

"ದುಡ್ಡು ಹಾಳಾಗಿ ಹೋಗ್ಲಿ ಸಾಹೇಬ್ರೇ. ಯಂತ್ರ ಸರಿಹೋಗ್ಲಿ ಅಂತ ಮೂರು ಜನ ರೋಗಿಗಳು ಕಾದು ಕೂತಿದ್ರು. ಅವರ ಮುಖ ನೋಡೋಕಾಗ್ಲಿಲ್ಲ."

ಇನ್ಸ್‌ಪೆಕ್ಟರ್ ಮಹ್ಕಮ್ ಪೆನ್ನು ತೆರೆದ. ಜಿಲ್ಲೆಯಲ್ಲಿ ಅವನ ಪಂಚನಾಮೆಗಳಿಗೆ ದೊಡ್ಡ ಹೆಸರು. ಗೋಡೆ ಮೇಲೆ ಬೆಕ್ಕು ಕೂತಿದ್ದರೆ ಅದರ ಬಣ್ಣವನ್ನೂ ಬರೆಯುತ್ತಾನೆ ಎಂದು ಜೊತೆಯವರು ಗೇಲಿ ಮಾಡುತ್ತಿದ್ದರು.

"ಕಾರ್ಡಿನ ನಂಬರು ಯಾರಿಗಾದ್ರೂ ಹೇಳಿದ್ರಾ?"

"ಟಿಕೆಟ್ ಕೌಂಟರಿನ ಹುಡುಗಿಗೆ. ಯಂತ್ರದೊಳಗೆ ಕೈ ಇಟ್ಕೊಂಡಿರ್ತೀನಿ, ಫೋನ್ ಒತ್ತೋಕಾಗಲ್ಲ. ಸ್ಪೀಕರ್ ಹಾಕಿಸಿ ನಂಬರು ಹೇಳ್ತೀನಿ, ಅವಳು ಟಿಕೆಟ್ ತೆಗೀತಾಳೆ."

"ಫೋನಿಗೆ ಬರೋ ಕೋಡು?"

"ಅದನ್ನೂ ಹೇಳ್ತೀನಿ. ಹೇಳ್ದೆ ಟಿಕೆಟ್ ಹೆಂಗೆ ಬರುತ್ತೆ?"

ಪಕ್ಕದಲ್ಲಿದ್ದ ಸಾರ್ಜೆಂಟ್ ತೊಯ್ಚಿ ಹಣೆ ಚಚ್ಚಿಕೊಂಡ. ಆದರೆ ನಗಲಿಲ್ಲ. ಅವನೂ ಸಂತೆಯಲ್ಲಿ ಕರ್ಬೂಜದವನಿಗೆ ಪಿನ್ ನಂಬರನ್ನು ಕೂಗಿ ಹೇಳುವವನೇ. ಊರಿಗೆ ಊರೇ ಹಾಗೆ.

"ಆ ಹುಡುಗಿ ಮೇಲೆ ಅನುಮಾನ?"

"ಛೇ, ಬಿಡ್ತು ಅನ್ನಿ. ಮೊಣಕಾಲು ನೋವು ಅಂತ ಒಂದೇ ಒಂದ್ಸಲ ಹೇಳಿದ್ದೆ. ಅವತ್ತಿಂದ ಕೆಳಗಿನ ಬರ್ತು ನನಗೇ ಅಂತ ಹಿಡಿದಿಡ್ತಾಳೆ. ಹೆತ್ತ ಮಗಳೂ ಅಷ್ಟು ನೆನಪಿಟ್ಕೊಳ್ಳಲ್ಲ."

೧೦.೧೫ಕ್ಕೆ ಎಫ್‌ಐಆರ್ ದಾಖಲಾಯಿತು, ಸಂಖ್ಯೆ ೨೧೪.

ಸೋಮವಾರ ಬ್ಯಾಂಕಿನ ಉತ್ತರ ಬಂತು. ಜೂನ್‌ನಿಂದ ಪ್ರತಿ ತಿಂಗಳು ಐದನೇ ತಾರೀಖು, ಎಂಟು ಲಕ್ಷ ಸೋಮ್, ಅಲ್ಲಿನ ಲೆಕ್ಕದಲ್ಲಿ ಒಂದು ತಿಂಗಳ ಮನೆಖರ್ಚಿನಷ್ಟು, ಒಂದೇ ಖಾತೆಗೆ ಹೋಗಿದೆ. ಖಾತೆ ಬೂಸಾರಾ ಎಂಬ ಎಪ್ಪತ್ತೊಂದು ವರ್ಷದ ಪಿಂಚಣಿದಾರಳದು. ಹಣ ಕಳಿಸಿದ ಫೋನಿನ ಸಿಮ್ ಅವಳ ಮಗ ಎಲ್ಮುರೋದನ ಹೆಸರಿನಲ್ಲಿದೆ. ಮಗ ರಷ್ಯಾದ ಸುರ್ಗುತ್‌ನಲ್ಲಿ ಕಟ್ಟಡ ಕೆಲಸಕ್ಕೆ ಹೋದವನು. ಆದರೆ ಆ ಫೋನು ಓಡಾಡುತ್ತಿರುವುದು ಮಾತ್ರ ಕೋಕಂದ್‌ನಲ್ಲೇ.

ಮಹ್ಕಮ್ ಸೋಬಿರ್‌ಜಾನ್‌ಗೆ ಫೋನ್ ಮಾಡಿದ. "ಆರು ಕಂತು ಹೋಗಿದೆ. ನಿಮಗೆ ಗೊತ್ತೇ ಆಗ್ಲಿಲ್ವ?"

"ತಿರುಗೋನ ಖರ್ಚು ಸಾಹೇಬ್ರೇ. ದಾರೀಲಿ ಎಲ್ಲೋ ತಿಂದು ಕುಡ್ದು ಹೋಯ್ತು ಅಂದ್ಕೊಂಡೆ."

ತೊಯ್ಚಿಗೆ ಕೇಸು ಆಗಲೇ ಮುಗಿದಿತ್ತು. "ಮಗರಾಯ ರಷ್ಯಾ ಅಂತ ಹೇಳಿ ಇಲ್ಲೇ ಎಲ್ಲೋ ಬೆಚ್ಚಗೆ ಕೂತಿದಾನೆ ಸರ್. ಅಮ್ಮ ಬಚ್ಚಿಟ್ಟಿದಾಳೆ."

ಮಂಗಳವಾರ ೧೧ ಗಂಟೆಗೆ ಇಬ್ಬರೂ ಬೂಸಾರಾಳ ಮನೆಗೆ ಹೋದರು. ಮುದುಕಿ ಯಾಕೆ ಏನು ಎಂದು ಕೇಳುವ ಮೊದಲೇ ಬಟ್ಟೆ ಹಾಸಿ, ನಾನ್ ರೊಟ್ಟಿ ಮುರಿದಿಟ್ಟು, ಹಸಿರು ಚಹಾ ಬಗ್ಗಿಸಿದಳು.

"ಐದನೇ ತಾರೀಖು ಹಣ ಬರುತ್ತಲ್ಲಮ್ಮ, ಯಾರು ಕಳಿಸ್ತಾರೆ?"

"ನನ್ನ ಮಗ! ಇನ್ಯಾರು? ಒಂದು ತಿಂಗಳೂ ತಪ್ಪಿಸಿಲ್ಲ. ನನ್ನ ಹೃದಯದ ಮಾತ್ರೆ ಅದರಲ್ಲೇ ಬರೋದು."

"ಫೋನಲ್ಲಿ ಮಾತಾಡ್ತಾನಾ?"

"ಈಗಿರೋ ಜಾಗದಲ್ಲಿ ಮಾತು ಸಿಗಲ್ವಂತೆ. ಮೆಸೇಜು ಬರುತ್ತೆ, ಸೊಸೆ ಓದಿ ಹೇಳ್ತಾಳೆ. ಹೋದ ಸಲ 'ಅಮ್ಮಾ, ಕಾಲುಚೀಲ ಹಾಕ್ಕೊ' ಅಂತ ಬರೆದಿದ್ದ. ಅಷ್ಟು ದೂರ ಹೋದ್ರೂ ನನ್ನ ಕಾಲಿನ ಚಿಂತೆ ಅವನಿಗೆ."

"ಸೊಸೆ ಹೇಗೆ?"

"ಚಿನ್ನದಂಥ ಹುಡುಗಿ ನಮ್ಮ ಹುಲ್ಕರ್. ಸ್ಟೇಷನ್ ಎದುರಿಗಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ಒಂದೇ ಒಂದು ಹುಚ್ಚು ಅವಳಿಗೆ. ಕೌಂಟರಿನವರು ಕೊಟ್ಟ ನೀಲಿ ಕೋಟು ಮನೇಲೂ ಬಿಚ್ಚಲ್ಲ. ಮದುವೆ ಮನೆಗೂ ಅದೇ, ಹಬ್ಬಕ್ಕೂ ಅದೇ. ಹೋದ ಚಳಿಗಾಲದಿಂದ ಶುರು. ಗಂಡ ಗುಂಡುಕಲ್ಲಿನ ಹಾಗಿದಾನೆ, ನಿನಗ್ಯಾಕೇ ನೀಲಿ ಅಂತ ಬೈದು ಬೈದು ಸಾಕಾಯ್ತು."

ಮಹ್ಕಮ್ ಬಾಯಿಯವರೆಗೆ ತಂದ ಬಟ್ಟಲನ್ನು ಕೆಳಗಿಟ್ಟ. ಕೋಕಂದ್ ಸುತ್ತಿನ ಕಣಿವೆಯಲ್ಲಿ ಗಂಡ ಸತ್ತ ಹೆಂಗಸು ವರ್ಷವಿಡೀ ನೀಲಿ ಉಡುತ್ತಾಳೆ. ತನ್ನ ತಾಯಿ ಉಟ್ಟಿದ್ದನ್ನು ಅವನು ಏಳನೇ ವಯಸ್ಸಿನಲ್ಲಿ ನೋಡಿದ್ದ.

ಹೊರಗೆ ಬಂದಮೇಲೆ ತೊಯ್ಚಿ, "ಮನೆ ಶೋಧಿಸೋಣ್ವಾ ಸರ್? ಒಳಕೋಣೇಲಿ ಇರ್ಬೋದು" ಎಂದ.

"ಅವನು ಯಾವ ಕೋಣೇಲೂ ಇಲ್ಲ" ಎಂದ ಮಹ್ಕಮ್.

ಅದೇ ಮಧ್ಯಾಹ್ನ ರಷ್ಯಾದಲ್ಲಿನ ತಮ್ಮ ದೇಶದ ರಾಯಭಾರ ಕಚೇರಿಗೆ ಪತ್ರ ಹೋಯಿತು. ಗುರುವಾರ ಸಂಜೆ ಉತ್ತರ: ಎಲ್ಮುರೋದ್, ೩೬ ವರ್ಷ, ಸಾರುವೆಯಿಂದ ಬಿದ್ದು ಜನವರಿ ೧೧ರಂದು ಮರಣ. ಜೊತೆ ಕೆಲಸಗಾರರು ಅಲ್ಲೇ ದಫನ್ ಮಾಡಿದ್ದಾರೆ. ಸುದ್ದಿ ತಿಳಿಸಿದ್ದು ಹೆಂಡತಿಗೆ.

ನವೆಂಬರ್ ಹದಿನೇಳು, ಶುಕ್ರವಾರ, ೧೧.೩೦. ಮಹ್ಕಮನನ್ನು ಕಂಡೊಡನೆ ಹುಲ್ಕರ್ ಕೌಂಟರಿನ ಕಿಟಕಿ ಮುಚ್ಚಿ, ಊಟದ ಹೊತ್ತಿನ ಫಲಕ ನೇತುಹಾಕಿದಳು. ಸಣ್ಣ ಮುಖ, ಕುತ್ತಿಗೆವರೆಗೆ ಗುಂಡಿ ಹಾಕಿದ ನೀಲಿ ಕೋಟು.

"ಸೋಬಿರ್‌ಜಾನ್ ಕಾರ್ಡಿನಿಂದ ಹಣ ತೆಗೆದಿದ್ದು ನೀವೇನಾ?"

"ಹೌದು."

"ಗಂಡನ ಸಿಮ್ಮಿನಿಂದ?"

"ಹೋಗುವಾಗ ಅವರು ಇಲ್ಲಿನ ಸಿಮ್ ನನ್ನ ಕೈಲಿ ಬಿಟ್ಟು ಹೋಗಿದ್ರು. ಅವರ ಹೆಸರಿನಿಂದ ಬಂದ್ರೇನೇ ಅಮ್ಮ ನಂಬೋದು."

"ಸತ್ತ ಸುದ್ದಿ ಮನೇಲಿ ಯಾಕೆ ಹೇಳ್ಲಿಲ್ಲ?"

"ಅದೇ ವಾರ ಅಮ್ಮಂಗೆ ಹೃದಯದ ಆಪರೇಷನ್ ಆಗಿತ್ತು. ಡಾಕ್ಟ್ರು ಕೆಟ್ಟ ಸುದ್ದಿ ಏನೂ ಹೇಳ್ಬೇಡಿ ಅಂದ್ರು. ಬೇಸಗೆಗೆ ಹೇಳೋಣ ಅಂದ್ಕೊಂಡೆ. ಬೇಸಗೆ ಬಂತು, ಬಾಯಿ ಬರ್ಲಿಲ್ಲ." ಕೈಯಲ್ಲಿದ್ದ ಕೀಲಿಗೊಂಚಲನ್ನು ಅವಳು ಸುಮ್ಮನೆ ತಿರುಗಿಸುತ್ತಿದ್ದಳು. "ಮೊದಲು ನನ್ನ ಸಂಬಳ ಹಾಕಿದೆ. ಆಮೇಲೆ ಓಲೆ ಮಾರಿದೆ. ಜೂನ್‌ನಲ್ಲಿ ಕೈ ಬರಿದಾಯ್ತು. ಇವರ ಕಾರ್ಡಿನ ನಂಬರು ನನ್ನ ಹತ್ರ ಇತ್ತು, ಟಿಕೆಟ್ ತೆಗೆಯುವಾಗ ಕೋಡೂ ಹೇಳಿದ್ರು. ಆ ಕೋಡಿನಿಂದ ಕಾರ್ಡನ್ನ ನಮ್ಮವರ ಫೋನಿಗೆ ಜೋಡಿಸಿಬಿಟ್ಟೆ, ಆಮೇಲೆ ಕೋಡು ಬೇಕಾಗ್ಲಿಲ್ಲ. ಒಂದೇ ಸಲ ಅಂದ್ಕೊಂಡೆ."

"ತೆರ್ಮೆಜ್‌ನಲ್ಲಿ ಅವರು ಪಟ್ಟ ಪಾಡು ಗೊತ್ತಾ?"

ಅವಳ ಮುಖ ಇನ್ನಷ್ಟು ಸಣ್ಣದಾಯಿತು. ಅದು ಗೊತ್ತಿರಲಿಲ್ಲ. ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಕೇಳಿಕೊಂಡಳು: "ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಅಮ್ಮನ ಎದುರು ಮಾತ್ರ ಬೇಡ."

"ಆಯ್ತು" ಎಂದ ಮಹ್ಕಮ್. ಆ ಮಾತನ್ನು ಮನಸಾರೆ ಕೊಟ್ಟಿದ್ದ.

ಸಿಮ್ ಮನೆಯಲ್ಲಿತ್ತು, ವಶಪಡಿಸಿಕೊಳ್ಳಲೇಬೇಕು. ಪಕ್ಕದ ಮನೆಯವಳಿಗೆ ಹೇಳಿ ಬೂಸಾರಾಳನ್ನು ಅಲ್ಲಿಗೆ ಕರೆಸಿಕೊಳ್ಳುವಂತೆ ಮಾಡಿದ. ೧.೨೦ಕ್ಕೆ ಮೊಹಲ್ಲಾದ ಹಿರಿಯರಿಬ್ಬರು ಪಂಚರಾಗಿ ಬಂದರು. ಹೊಲಿಗೆ ಯಂತ್ರದ ಡ್ರಾಯರಿನಿಂದ ಹುಲ್ಕರ್ ಫೋನು ತೆಗೆದುಕೊಟ್ಟಳು. ಮಹ್ಕಮ್ ಎಂದಿನಂತೆ ಒಂದು ಅಕ್ಷರ ಬಿಡದೆ ಪಂಚನಾಮೆ ಬರೆದ. ಸಹಿಗೆ ಮೊದಲು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ನಿಯಮ. ತೊಯ್ಚಿಯದು ಮೊದಲೇ ಕಂಚಿನ ಕಂಠ.

"...ಸದರಿ ಸಿಮ್ ಕಾರ್ಡು ಆರೋಪಿಯ ಮೃತ ಪತಿ ಎಲ್ಮುರೋದ್ ಹೆಸರಿನಲ್ಲಿದ್ದು..."

ಹುಲ್ಕರ್ ಸಣ್ಣಗೆ ಚೀರಿದಳು. ಮಹ್ಕಮ್ ತಿರುಗಿದ. ಬಾಗಿಲಲ್ಲಿ ಬೂಸಾರಾ ನಿಂತಿದ್ದಳು, ಒಂದು ಕೈಯಲ್ಲಿ ಚಹಾದ ಕೆಟಲು, ಇನ್ನೊಂದರಲ್ಲಿ ಬಟ್ಟಲುಗಳು. ತನ್ನ ಮನೆಗೆ ನಾಲ್ಕು ಜನ ಬಂದಿರುವಾಗ ನೆರೆಮನೆಯಲ್ಲಿ ಸುಮ್ಮನೆ ಕೂರುವುದು ಅವಳಿಂದ ಆಗಿರಲಿಲ್ಲ.

ಅವಳು ಬಗ್ಗಿ ಕೆಟಲನ್ನು ನೆಲದ ಮೇಲಿಟ್ಟಳು. ಬಟ್ಟಲುಗಳನ್ನು ಒಂದೊಂದಾಗಿ ಇಟ್ಟಳು. ಆಮೇಲೆ ಮಹ್ಕಮನನ್ನು ನೋಡಿದಳು.

"ಯಾವತ್ತು?"

"ಜನವರಿ ಹನ್ನೊಂದು, ಅಮ್ಮಾ."

ತಾರೀಖು ಹೇಳಿದಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಪಂಚನಾಮೆಯಲ್ಲಿ 'ಮೃತ' ಎಂಬ ಆ ಒಂದು ಪದವನ್ನು ಬರೆಯದೆ ಬಿಟ್ಟಿದ್ದರೆ ಯಾವ ನ್ಯಾಯಾಧೀಶನೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾವ ಪದವನ್ನೂ ಬಿಡದ ಹೆಮ್ಮೆ ಅವನದು.

ಬೂಸಾರಾ ಸೊಸೆಯ ಹತ್ತಿರ ಹೋದಳು. ಹೊಡೆಯುತ್ತಾಳೆಂದು ತೊಯ್ಚಿ ಒಂದು ಹೆಜ್ಜೆ ಮುಂದಿಟ್ಟ. ಮುದುಕಿ ಹುಲ್ಕರಳ ಗಲ್ಲ ಹಿಡಿದು ಮುಖ ಎತ್ತಿದಳು.

"ಹತ್ತು ತಿಂಗಳು ಒಬ್ಳೇ ಅಳ್ತಿದ್ಯೇನೇ?"

"ಮನೇಲಿ ಅಳ್ಲಿಲ್ಲ ಅಮ್ಮಾ. ಕೌಂಟರಿನಲ್ಲಿ, ಊಟದ ಹೊತ್ತಲ್ಲಿ."

"ಯಾಕೇ? ನಾನಿರ್ಲಿಲ್ವೇನೇ? ನಾನಿರ್ಲಿಲ್ವೇನೇ ನನ್ನ ಕಂದಾ?"

ಆಗ ಎದ್ದ ಅಳು ಬೀದಿಯ ಕೊನೆಯವರೆಗೂ ಕೇಳಿತು. ಮಹ್ಕಮ್ ಪಂಚರನ್ನೂ ತೊಯ್ಚಿಯನ್ನೂ ಕರೆದುಕೊಂಡು ಅಂಗಳ ದಾಟಿ ಗೇಟಿನ ಹೊರಗೆ ಬಂದ. ದಸ್ತಗಿರಿ ಪತ್ರ ಅವನ ಜೇಬಿನಲ್ಲೇ ಇತ್ತು, ಸಮಯದ ಜಾಗ ಖಾಲಿ.

"ಸರ್, ಬರೀಲಾ?"

"ಇರ್ಲಿ."

ಅಳು ಕೇಳಿ ಮೊಹಲ್ಲಾದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಹಿಂದೆಯೇ ಗಂಡಸರು ಬಂದರು. ಸಾವಿನ ಮನೆಯ ಗೇಟಿನಲ್ಲಿ ಆ ಮನೆಯ ಗಂಡಸರು ನಿಂತು ಬಂದವರನ್ನು ಎದುರುಗೊಳ್ಳಬೇಕು. ಈ ಮನೆಯಲ್ಲಿ ಗಂಡಸರೇ ಉಳಿದಿರಲಿಲ್ಲ. ಮೊದಲು ಬಂದ ಮುದುಕ ಸಮವಸ್ತ್ರ ನೋಡಿ ತಡೆದ. ಆಮೇಲೆ ಬೇರೆ ಯಾರೂ ಕಾಣದೆ ಮಹ್ಕಮನ ಕೈಗಳನ್ನೇ ತನ್ನ ಎರಡೂ ಕೈಯಲ್ಲಿ ಹಿಡಿದು, "ಅಲ್ಲಾಹ್ ಸಮಾಧಾನ ಕೊಡ್ಲಿ ಮಗಾ" ಎಂದ. ಮಹ್ಕಮ್ ತಲೆ ತಗ್ಗಿಸಿದ. ಎರಡನೆಯವನೂ ಹಾಗೇ ಮಾಡಿದ. ತೊಯ್ಚಿ ಟೋಪಿ ಸರಿಮಾಡಿಕೊಂಡು ಇನ್ಸ್‌ಪೆಕ್ಟರನ ಪಕ್ಕಕ್ಕೆ ಬಂದು ನಿಂತ.

೨.೪೦ಕ್ಕೆ ಸೋಬಿರ್‌ಜಾನ್ ಬಂದ. ಆರೋಪಿ ಸಿಕ್ಕಿದ್ದಾಳೆಂದು ತೊಯ್ಚಿ ಆಗಲೇ ಫೋನ್ ಮಾಡಿ ಮನೆಯ ಗುರುತು ಹೇಳಿದ್ದ. ಅವನು ರೈಲಿಳಿದು ನೇರ ಇಲ್ಲಿಗೇ ಬಂದಿದ್ದ. ವಿಷಯವನ್ನೆಲ್ಲ ಕೇಳಿ ಮಹ್ಕಮನ ಕಡೆ ತಿರುಗಿದ.

"ದೂರು ವಾಪಸ್ ತಗೊಳ್ತೀನಿ."

"ದಾಖಲಾಗಿದೆ. ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ನ್ಯಾಯಾಲಯದಲ್ಲಿ ಬಂದು ಹೇಳಿ."

"ಹೇಳ್ತೀನಿ. ಎಲ್ಲಿದ್ರೂ ಬರ್ತೀನಿ." ಅವನು ಹೆಗಲ ಚೀಲ ಇಳಿಸಿ ಗೋಡೆಗೆ ಒರಗಿಸಿ, ಯಾರೂ ಹೇಳದೆ ಅವರಿಬ್ಬರ ಸಾಲಿನಲ್ಲಿ ನಿಂತ.

೪.೪೫ಕ್ಕೆ ಹುಲ್ಕರ್ ತಾನೇ ಹೊರಗೆ ಬಂದಳು. ಬೂಸಾರಾ ಅವಳ ತೋಳು ಹಿಡಿದಿದ್ದಳು.

"ಇವಳು ಯಾವಾಗ ಬರ್ತಾಳೆ ಮಗಾ?"

"ಬೇಗ ಬರ್ತಾಳಮ್ಮ" ಎನ್ನಲು ಹೊರಟ ತೊಯ್ಚಿಯನ್ನು ಮುದುಕಿ ಕೈಯೆತ್ತಿ ತಡೆದಳು. "ಬೇಡ. ತಡ ಆಗೋದಾದ್ರೆ ತಡ ಅಂತ್ಲೇ ಹೇಳಿ. ನನಗೆ ಇನ್ನು ಒಳ್ಳೆ ಸುದ್ದಿ ಹೇಳ್ಬೇಡಿ."

"ತಡ ಆಗಬಹುದು, ಅಮ್ಮಾ" ಎಂದ ಮಹ್ಕಮ್.

ಠಾಣೆಯಲ್ಲಿ ತೊಯ್ಚಿ ನಮೂನೆ ತುಂಬಿದ. ಅಪರಾಧದ ಉದ್ದೇಶ ಎಂಬಲ್ಲಿ ಅಭ್ಯಾಸಬಲದಿಂದ 'ಹಣದ ಆಸೆ' ಎಂದು ಬರೆದಿದ್ದ. ಮಹ್ಕಮ್ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ತಾನೇ ಬರೆದ: 'ಅತ್ತೆಯ ಪಾಲಿಗೆ ಮಗನನ್ನು ಬದುಕಿಸಿಡಲು.' ಕೆಳಗೆ ತಾರೀಖು, ಸಮಯ ಹಾಕಿ ಸಹಿ ಮಾಡಿದ.