ಮಧುನಾಶಿನಿಯ ಹೆಸರಿನಲ್ಲಿ

"ಏ, ಆ ಬಳ್ಳಿ ಬೇರುಸಹಿತ ಕೀಳಬ್ಯಾಡ್ರಿ!"

ಬಾದಾಮಿಯ ಗುಡ್ಡದಲ್ಲಿ ಗದರಿದ ದನಿಗೆ ನೇತ್ರಾ ಬೆಚ್ಚಿ ತಿರುಗಿದಳು. ಬೆನ್ನಿಗೆ ಚೀಲ, ಕೈಯಲ್ಲಿ ಕತ್ತರಿ ಹಿಡಿದ ಯುವಕ!

"ನಾ ಎಲಿ ಅಷ್ಟ ಹರಿಯಾಕತ್ತೇನಿ. ಕೇಳಾಕ ನೀವ್ಯಾರ್ರಿ?"

"ಪ್ರಬುದ್ಧ ಅಂತ. ಸಕ್ಕರಿ ಬ್ಯಾನಿಗೆ ಕೊಡೂ ಇದ ಮಧುನಾಶಿನಿ ಮ್ಯಾಲ ಸಂಶೋಧನೆ ಮಾಡಾವ."

ನೇತ್ರಾಳಿಗೆ ನಗು ತಡೆಯಲಾಗಲಿಲ್ಲ. ಅವಳದೂ ಅದೇ ಕೆಲಸ!

ಜಗಳದಿಂದ ಶುರುವಾದ ಪರಿಚಯ, ವಿದ್ಯಾಗಿರಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಇಬ್ಬರನ್ನೂ ಒಂದೇ ಮೇಜಿಗೆ ತಂದಿತು. ಈ ಎಲೆಯ ಸತ್ವ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಸಾಯದಂತೆ ಕಾಯಬಲ್ಲದೇ? ಆ ಪ್ರಶ್ನೆ ನೇತ್ರಾಳದು. ಅದಕ್ಕಾಗಿ ಹಗಲಿಡೀ ಕಣ್ಣು ಉರಿಸಿಕೊಂಡವಳೂ ಅವಳೇ. ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ಅವಳ ಬಾಯಲ್ಲಿ ಚಿಗವ್ವ, ನೀಲಾಬಾಯಿ ದಿನವೂ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ನೋಡುತ್ತಲೇ ದೊಡ್ಡವಳಾದವಳಲ್ಲವೇ!

ಗಾಜಿನ ತಟ್ಟೆಯೊಳಗಿನ ಕೋಶಗಳು ಮೊದಲ ಸಲ ಬದುಕುಳಿದ ದಿನ ಪ್ರಬುದ್ಧ ಅವಳ ಕೈ ಹಿಡಿದ.

"ನೇತ್ರಾ... ನನ್ನ ಲಗ್ನಾ ಆಗ್ತೀಯೇನು?"

ಅವಳ ಕೆನ್ನೆ ಕೆಂಪೇರಿತು. ನವನಗರದ ಚಿಗವ್ವನ ಮನೆಯಲ್ಲಿ ನಿಶ್ಚಿತಾರ್ಥವೂ ಆಯಿತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಚಿಗವ್ವ.

ಆದರೆ ಒಂದು ಮುಂಜಾನೆ...

ಚಿಗವ್ವ ಅಡುಗೆಮನೆಯಲ್ಲಿ ಕುಸಿದು ಬಿದ್ದಿದ್ದಳು! ಏದುಸಿರು, ಒಣಗಿದ ತುಟಿ. ದವಾಖಾನೆಯಲ್ಲಿ ಡಾಕ್ಟರು ಸಿಟ್ಟಾದರು.

"ಇನ್ಸುಲಿನ್ ಯಾಕ ಬಿಡಿಸಿದ್ರಿ?"

ನೇತ್ರಾಳಿಗೆ ಏನೂ ಅರ್ಥವಾಗಲಿಲ್ಲ. ಮರುದಿನ ಕಣ್ಣು ಬಿಟ್ಟ ಚಿಗವ್ವ ಮೆಲ್ಲಗೆ ಹೇಳಿದಳು. "ಮೊಬೈಲನ್ಯಾಗ ಅಳಿಯಾನ ಹೇಳ್ಯಾನಲ್ಲವಾ... ಆ ಮಧುನಾಶಿನಿ ಪುಡಿ ತಗೊಂಡ್ರ ಸೂಜಿ ಯಾಕ ಬೇಕಂತ ಬಿಟ್ಟೆ."

ನೇತ್ರಾ ಚಿಗವ್ವನ ಮೊಬೈಲಿನಲ್ಲಿ ಆ ವಿಡಿಯೋ ತೆರೆದಳು. ಹುನಗುಂದದ ಪುಡಿ ವ್ಯಾಪಾರಿಯ ಜಾಹೀರಾತು. ಅದರಲ್ಲಿ ನಗುತ್ತಿದ್ದ ಪ್ರಬುದ್ಧ!

"ಇದು ನನ್ನ ಸಂಶೋಧನೆ. ಈ ಎಲೆ ಇನ್ಸುಲಿನ್ ಕೋಶಗಳನ್ನು ಕಾಯುತ್ತದೆ."

ನನ್ನ...? ಅವಳ ಎದೆಯಲ್ಲಿ ಏನೋ ಮುರಿದುಹೋಯಿತು.

ಸುದ್ದಿ ತಿಳಿದು ಪ್ರಬುದ್ಧ ಓಡಿಬಂದ. ಅವಳು ಬಾಗಿಲಲ್ಲೇ ತಡೆದಳು.

"ಎಂಥಾ ಮಾತಾಡೀರಿ, ಪ್ರಬುದ್ಧ ಸರ್! ಸತ್ತ ಹೋಗ್ತಿದ್ಲು ನನ್ನ ಚಿಗವ್ವ!"

"ಇದು ತಟ್ಟ್ಯಾಗಿನ ಪ್ರಯೋಗ ಅಷ್ಟ, ಮನಷ್ಯಾರ ಮ್ಯಾಲ ಇನ್ನೂ ನೋಡಿಲ್ಲ, ಇನ್ಸುಲಿನ್ ಬಿಡಬ್ಯಾಡ್ರಿ ಅಂತನೂ ಹೇಳಿದ್ದೆ. ಅದನ್ನೆಲ್ಲಾ ಕತ್ತರಿಸ್ಯಾರ, ನೇತ್ರಾ! ಖರೇನ!"

"ಮತ್ತ 'ನನ್ನ ಸಂಶೋಧನೆ' ಅಂದದ್ದು? ಅದೂ ಅವರ ಹೇಳಿಸಿದ್ರೇನು?"

ಅವಳು ಉಂಗುರ ಕಳಚಿ ಅವನ ಅಂಗೈಗಿಟ್ಟಳು.

ಪರರು ಮೋಸ ಮಾಡಿದ್ದರೆ ಜಗಳವಾಡಬಹುದಿತ್ತು. ಪಕ್ಕದಲ್ಲೇ ಕೂತು ಚಹಾ ಹಂಚಿಕೊಂಡವನು...! ಅವಳು ಅತ್ತು ಅತ್ತು ಸೋತಳು.

ಆ ವ್ಯಾಪಾರಿ ಪುಡಿ ಮಾರಲು ಇಳಕಲ್ಲಿನಲ್ಲಿ ಸಭೆ ಕರೆದಿದ್ದಾನೆಂದು ತಿಳಿದಾಗ ಅವಳು ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು!

ಸಭಾಭವನದೊಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ವೇದಿಕೆಯ ಮೇಲೆ ಪ್ರಬುದ್ಧ!

"ಈ ಸಂಶೋಧನೆ ನೇತ್ರಾ ಅವರದು. ನನ್ನದಂದದ್ದು ಸುಳ್ಳು. ನನ್ನ ಮಾತು ನಂಬಿ ಒಬ್ಬ ತಾಯಿ ತನ್ನ ಜೀವಕ್ಕ ಕುತ್ತು ತಂದ್ಕೊಂಡ್ಲು..."

ಯಾರೋ ಮೈಕು ಕಸಿದುಕೊಂಡರು. ಅವನು ಬರೀ ಗಂಟಲಲ್ಲೇ ಕೂಗಿದ.

"ಕೈ ಮುಗೀತೇನ್ರಿ! ಯಾರೂ ಇನ್ಸುಲಿನ್ ಬಿಡಬ್ಯಾಡ್ರಿ!"

ನೂಕಿಸಿಕೊಂಡು ಹೊರಬಂದವನ ಎದುರು ಅವಳು ನಿಂತಿದ್ದಳು.

"ಅವತ್ತ ಯಾಕ 'ನನ್ನ ಸಂಶೋಧನೆ' ಅಂದಿ, ಪ್ರಬುದ್ಧ?"

"ಹೊಟ್ಟಿಕಿಚ್ಚು, ನೇತ್ರಾ. ಎಲ್ಲಾರೂ ನಿನ್ನ ಹೆಸರ ಹೇಳ್ತಿದ್ರು... ಒಮ್ಮೆ ನನ್ನದೂ ಕೇಳ್ಲಿ ಅನಿಸ್ತು. ನಿನ್ನ ಮ್ಯಾಲ ಜೀವಾನ ಇಟ್ಕೊಂಡು ಇಂಥಾ ಕೆಲಸ ಮಾಡಿದೆ."

ಅವಳ ಕಣ್ಣು ತುಂಬಿ ಬಂತು. "ನನ್ನ ಪ್ರೀತಿ ಎಲ್ಲೂ ಹೋಗಿಲ್ಲ. ನಂಬಿಕಿ ಹೋಗೈತಿ."

"ಅದು ಬರೂತನಾ ಕಾಯ್ತೇನಿ."

"ಮೊದಲ ಚಿಗವ್ವನ ಕಾಲು ಹಿಡಿ."

"ಬಾಗಲಾ ತಗೀತಾಳೇನು?"

ನೇತ್ರಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆಕಿ ತಗೀಲಿಲ್ಲಂದ್ರ... ನಾ ತಗೀತೇನಿ. ಬಾ."