ಅಂಟುಕಡ್ಡಿ

ಹಕ್ಕಿ ಹಿಡಿಯಲು ಅಂಟು ಮೆತ್ತಿದ ಕಡ್ಡಿಗಳ ಕಟ್ಟನ್ನು ಸಿಹೆಮ್ ಊಟದ ಮೇಜಿನ ಮೇಲೆ, ಕುಸ್ಕುಸ್ ತಟ್ಟೆಯ ಪಕ್ಕಕ್ಕೇ ಎಸೆದಳು. ಒಂದು ಕಡ್ಡಿಯಲ್ಲಿ ಹಳದಿ ಗರಿ ಇನ್ನೂ ಅಂಟಿಕೊಂಡಿತ್ತು.

"ನಿನ್ನದೇ ತಾನೇ, ಲಝಾರ್?"

ಮೈದುನ ತಲೆಯೆತ್ತಲಿಲ್ಲ. "ಊಟ ಮಾಡಿ ಅತ್ತಿಗೆ, ತಣ್ಣಗಾಗುತ್ತೆ."

ಗಂಡ ನಿಝಾರ್ ತೀರಿಕೊಂಡಿದ್ದ. ವಿಧವೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಸಿ ಅವಳು ಅತ್ತೆಯ ಮನೆಗೆ ಬಂದದ್ದು ಅವನೊಡನೆ ನೋಡಿದ ಹಕ್ಕಿಗಳನ್ನು ಮತ್ತೆ ಕಾಣುವ ಒಂದೇ ಆಸೆಯಿಂದ. ವರ್ಷವರ್ಷವೂ ಚಳಿ ಇಳಿಯುವ ಹೊತ್ತಿಗೆ ಜೀಜೆಲ್‌ನ ಈ ಬೆಟ್ಟದೂರಿಗೆ ಬಂದು, ಓಕ್ ಕಾಡಿನ ಹಾದಿಗಳಲ್ಲಿ ಇಬ್ಬರೂ ಕೆಂಪು ಮುಖದ, ಹಳದಿ ರೆಕ್ಕೆಪಟ್ಟಿಯ ಮಕ್ನೀನ್ ಹಕ್ಕಿಗಳನ್ನು ನೋಡುತ್ತ ಅಲೆಯುತ್ತಿದ್ದರು. ಹಿಂಡು ಕೂರುವ ಜಾಗಗಳನ್ನು ಅವನು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಇವತ್ತು ಬೆಳಿಗ್ಗೆ ಅವಳು ಆ ಒಂಬತ್ತೂ ಜಾಗಗಳಿಗೆ ನೆನಪಿನಿಂದಲೇ ನಡೆದಳು. ಒಂದು ಹಕ್ಕಿಯೂ ಇಲ್ಲ... ಒಂಬತ್ತರಲ್ಲೂ ಅಂಟುಕಡ್ಡಿ!

"ಆ ಜಾಗಗಳು ನಿನಗೆ ಹೇಗೆ ಗೊತ್ತಾದವು?"

"ಅಣ್ಣನ ಪುಸ್ತಕ ಇತ್ತಲ್ಲ, ಯಮ್ಮಾನೇ ಕೊಟ್ಟಳು. ಊರೋರೆಲ್ಲ ಹಿಡೀತಾರೆ, ಪಂಜರದಲ್ಲಿಟ್ಟು ಹಾಡು ಕೇಳ್ತಾರೆ. ನೀವು ಓದಿದೋರು, ಬರೀ ಎಣಿಸಿಕೊಂಡಿರಿ!"

"ಹೌದು, ನಾನೇ ಕೊಟ್ಟೆ," ಎಂದಳು ಅತ್ತೆ ಝೊಹ್ರಾ. "ನನಗೆ ಓದೋಕೆ ಬರುತ್ತಾ? ಒಡಹುಟ್ಟಿದವನಿಗಲ್ಲದೆ ಇನ್ಯಾರಿಗೆ ಕೊಡಲಿ? ಗಂಡನ ಗೋರಿ ಮಣ್ಣು ಇನ್ನೂ ಆರಿಲ್ಲ, ನೀನು ದುರ್ಬೀನು ನೇತಾಕ್ಕೊಂಡು ಕಾಡು ಸುತ್ತುತೀಯ!"

ಸಿಹೆಮ್ ಅಳಲಿಲ್ಲ. ಅಳು ಯಾವತ್ತೋ ಬತ್ತಿತ್ತು, ಉಳಿದಿದ್ದು ಸಿಟ್ಟೊಂದೇ. ಲಝಾರ್‌ನ ಮಗ್ಗುಲಲ್ಲಿದ್ದ ಪುಸ್ತಕವನ್ನು ಕಿತ್ತುಕೊಂಡು ಕೊನೆಯ ಪುಟ ತೆಗೆದಳು.

"ಕೇಳಿ ಯಮ್ಮಾ, ನಿಮ್ಮ ಮಗ ಬರೆದಿದ್ದು. 'ಇವತ್ತು ಯಮ್ಮಾಳನ್ನು ನೀರಿನ ಊಟೆಯ ಬಳಿಯ ಮರದವರೆಗೆ ಕರೆತಂದೆ. ಹಾಡು ಕೇಳಿ ಮಗುವಿನಂತೆ ನಕ್ಕಳು. ಈ ಜಾಗ ಲಝಾರ್‌ಗೆ ತಿಳಿಯಬಾರದು.'"

ಝೊಹ್ರಾ ತಟ್ಟೆ ಪಕ್ಕಕ್ಕೆ ಸರಿಸಿ ಮಗನತ್ತ ತಿರುಗಿದಳು.

"ಇದನ್ನ ಓದಿಯೂ ಹೋದೆಯಾ? ಆ ಮರದಲ್ಲೂ ಹಿಡಿದೆಯೇನೋ?"

"ಹನ್ನೊಂದು... ಹಿತ್ತಲ ಕೋಣೇಲಿವೆ."

"ಎತ್ತಿಕೋ ಪಂಜರಗಳನ್ನ! ನಡಿ ನನ್ನ ಮುಂದೆ! ಅದೇ ಮರದ ಕೆಳಗೆ, ನನ್ನ ಕಣ್ಣೆದುರಿಗೇ ಬಿಡಬೇಕು!"

"ಯಮ್ಮಾ, ನಿನ್ನ ಮಂಡಿ..."

"ಮಂಡಿ ಹಾಳಾಗಲಿ!"

ಹೊಸ್ತಿಲಲ್ಲಿ ಮುದುಕಿ ತಡವರಿಸಿ ನಿಂತಳು. "ಮಗಳೇ... ನನ್ನನ್ನ ಕ್ಷಮಿಸ್ತೀಯಾ?"

ಕ್ಷಮೆ ಇನ್ನೂ ಸಿಹೆಮ್‌ಳ ಒಳಗೆ ಹುಟ್ಟಿರಲಿಲ್ಲ. ಅವಳು ನೆಲದ ಮೇಲೆ ಕುಕ್ಕರಿಸಿ, ಅತ್ತೆಯ ಊದಿದ ಪಾದಗಳಿಗೆ ಒಂದೊಂದಾಗಿ ಬೂಟು ತೊಡಿಸಿ, ದಾರ ಕಟ್ಟಿದಳು. ತುಸು ಹೆಚ್ಚೇ ಬಿಗಿಯಾಗಿ.